ಅಕ್ಕನ ಹೆಸರಿನಲ್ಲಿ

ತಾವ್‌ಝಿಯನ್ನು ತಾವ್‌ಝಿ ಎಂದು ಕರೆಯುವವನು ಆ ಊರಿನಲ್ಲಿ ಒಬ್ಬನೇ ಇದ್ದ, ಅವಳ ಗಂಡ ಷೌಗೆನ್. ಅವನೂ ಬಾಗಿಲು ಹಾಕಿಕೊಂಡ ಮೇಲೆಯೇ. ಬೀದಿಗೆ ಬಂದರೆ ಅವನ ಬಾಯಲ್ಲೂ ಅವಳು ಯಿನ್‌ಹುವಾ. ಬೂಟಿನ ಕಾರ್ಖಾನೆಯ ಹೊಲಿಗೆ ಸಾಲಿನಲ್ಲಿ, ಗೇಟಿನ ಪಕ್ಕ ಅಕ್ಕಿ ಶಾವಿಗೆ ಮಾರುವವಳ ಹತ್ತಿರ, ಬಾಡಿಗೆ ಕೋಣೆಗಳ ಓಣಿಯಲ್ಲಿ, ಎಲ್ಲೆಲ್ಲೂ ಯಿನ್‌ಹುವಾ. ಅದು ಅವಳ ಅಕ್ಕನ ಹೆಸರು. ಆ ಅಕ್ಕ ಇದ್ದದ್ದು ಗ್ವಾಂಗ್‌ಡಾಂಗ್‌ನ ಈ ಊರಿನಿಂದ ರೈಲು, ಬಸ್ಸು, ಆಮೇಲೆ ಕಾಲುದಾರಿ ಹಿಡಿದು ಹೋಗಬೇಕಾದ ಹುನಾನ್‌ನ ಒಂದು ಗುಡ್ಡದಲ್ಲಿ.

ಇದರಲ್ಲಿ ಕಳ್ಳತನವೇನೂ ಇರಲಿಲ್ಲ, ಅಥವಾ ಆ ಕಾಲದಲ್ಲಿ ಯಾರಿಗೂ ಹಾಗೆ ಅನ್ನಿಸಿರಲಿಲ್ಲ. ಹದಿನಾರು ತುಂಬದವರನ್ನು ಕೆಲಸಕ್ಕೆ ಸೇರಿಸಬಾರದೆಂದು ಕಾನೂನಿತ್ತು. ಹೊಟ್ಟೆಗೆ ಆ ಕಾನೂನು ಗೊತ್ತಿರಲಿಲ್ಲ. ಗುಡ್ಡದ ಹುಡುಗಿಯರು ಅಕ್ಕನದೋ ಅತ್ತಿಗೆಯದೋ ಪಕ್ಕದ ಮನೆಯವಳದೋ ಗುರುತಿನ ಚೀಟಿ ಹಿಡಿದು ಬಸ್ಸು ಹತ್ತುತ್ತಿದ್ದರು. ಕಾರ್ಖಾನೆಯವರು ಚೀಟಿಯಲ್ಲಿದ್ದ ಮುಖ ನೋಡಿ, ಎದುರಿಗಿದ್ದ ಮುಖ ನೋಡಿ, ಕೈಬೆರಳು ಚುರುಕಾಗಿವೆಯೇ ಎಂದಷ್ಟೇ ಕೇಳುತ್ತಿದ್ದರು. ನಿಜವಾಗಿ ಹೊರಡಬೇಕಾಗಿದ್ದವಳು ದೊಡ್ಡವಳು ಯಿನ್‌ಹುವಾ. ಚೀಟಿ ಬಂದಿತ್ತು, ಗಂಟೂ ಕಟ್ಟಿ ಆಗಿತ್ತು. ಅಷ್ಟರಲ್ಲಿ ತಾಯಿ ಹಂದಿಗೂಡಿನ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡಳು. ತಾಯಿಯನ್ನು ಎತ್ತಿ ಇಳಿಸಲು, ನೀರು ಹೊರಲು ಗಟ್ಟಿ ಆಳು ಬೇಕಲ್ಲ, ದೊಡ್ಡವಳು ಉಳಿದಳು, ಹದಿನೈದರ ಚಿಕ್ಕವಳು ಅವಳ ಚೀಟಿ ತೆಗೆದುಕೊಂಡು ಹೊರಟಳು. ಒಂದು ವರ್ಷದ ಮಾತು ಎಂದು ತಾಯಿ ಮಲಗಿದಲ್ಲಿಂದಲೇ ಸಮಾಧಾನ ಹೇಳಿದಳು. ಆ ಒಂದು ವರ್ಷ ಇಪ್ಪತ್ತು ದಾಟಿತು.

ಕಾರ್ಖಾನೆಯಲ್ಲಿ ಬೆಳಿಗ್ಗೆ ಯಂತ್ರ ಶುರುವಾಗುವ ಮೊದಲು ಹಾಜರಿ. ಸಾಲಾಗಿ ನಿಲ್ಲಬೇಕು, ಹೆಸರು ಕರೆದ ಕೂಡಲೇ ಗಟ್ಟಿಯಾಗಿ ಓಗೊಡಬೇಕು. ಮೊದಲ ವಾರ ‘ತಿಯಾನ್ ಯಿನ್‌ಹುವಾ’ ಎಂದು ಕರೆದಾಗ ತಾವ್‌ಝಿ ಅಕ್ಕಪಕ್ಕ ನೋಡುತ್ತ ನಿಂತಳು. ಸಾಲಿನ ಮೇಲ್ವಿಚಾರಕ ಅವಳನ್ನು ಊಟದ ಹೊತ್ತಿನವರೆಗೆ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹೆಸರೇ ಮರೆತವಳು ಹೊಲಿಗೆ ಏನು ನೆನಪಿಟ್ಟುಕೊಳ್ಳುತ್ತೀ ಎಂದು ನಾಲ್ಕು ಜನರೆದುರು ಛೀಮಾರಿ ಹಾಕಿದ. ಆಮೇಲೆ ಅವಳು ಒಮ್ಮೆಯೂ ತಪ್ಪಲಿಲ್ಲ. ಹೆಸರು ಮುಗಿಯುವ ಮೊದಲೇ ‘ಹಾಜರ್’ ಎನ್ನುತ್ತಿದ್ದಳು. ನಿದ್ದೆಯಲ್ಲಿ ಆ ಹೆಸರು ಕರೆದರೂ ಎದ್ದು ನಿಂತುಬಿಡುತ್ತಾಳೆ ಎಂದು ಷೌಗೆನ್ ಗೆಳೆಯರ ಮುಂದೆ ಹೇಳಿ ನಗಿಸುತ್ತಿದ್ದ. ನಗುವಂಥದ್ದೇ ಅನ್ನಿಸುತ್ತಿತ್ತು ಆಗ.

ಸರಿಪಡಿಸಿಕೊಳ್ಳಲು ಅವಕಾಶವೇ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಕಾರ್ಖಾನೆ ಎಲ್ಲರಿಗೂ ಪಿಂಚಣಿ ವಿಮೆ ಕಟ್ಟಲು ಶುರು ಮಾಡಿದ ಮೇಲೆ, ಬೇರೆ ಹೆಸರಲ್ಲಿ ಸೇರಿದವರು ಬಂದು ಹೇಳಿಬಿಡಿ ಎಂದು ಒಮ್ಮೆ ಕರೆದಿದ್ದರು. ಹೇಳಿದವರನ್ನು ಅಂದಿನಿಂದ ಹೊಸಬರೆಂದು ಬರೆದುಕೊಂಡರು. ಹಳೆಯ ಸೇವೆಯೆಲ್ಲ ಸೊನ್ನೆ. ತಾವ್‌ಝಿ ಆಗ ಬಸುರಿ, ಹೊಸಬಳಾದರೆ ಹೆರಿಗೆ ರಜೆ ಇಲ್ಲ. ಅವಳು ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಊರಿಗೆ ಹೋಗಿ ಮಗಳನ್ನು ಹೆತ್ತು, ತನ್ನ ಸ್ವಂತ ಹೆಸರಿನ ಚೀಟಿ ತೋರಿಸಿ ಹುಟ್ಟು ಬರೆಸಿ, ಮತ್ತೆ ಬಂದು ಯಿನ್‌ಹುವಾ ಆಗಿ ಸಾಲಿನಲ್ಲಿ ನಿಂತಳು.

ಆ ಮಗಳು ವಾನ್‌ಚಿಂಗ್‌ಗೆ ಈಗ ಹದಿನೈದು. ಬೆಳೆದದ್ದೆಲ್ಲ ಇಲ್ಲಿ, ಈ ಓಣಿಯಲ್ಲಿ. ಹುನಾನ್‌ನ ಖಾರ ತಿಂದರೆ ಕಣ್ಣಲ್ಲಿ ನೀರು ಬರುವಷ್ಟು ಈ ಊರಿನವಳಾಗಿದ್ದಳು. ಮಾಧ್ಯಮಿಕ ಶಾಲೆ ಮುಗಿಯುತ್ತ ಬಂದಿತ್ತು. ಇಲ್ಲಿಯ ಸರ್ಕಾರಿ ಹೈಸ್ಕೂಲಿಗೆ ಸೇರಬೇಕಾದರೆ ಹುಕೋ, ಅಂದರೆ ವಾಸದ ನೋಂದಣಿ, ಈ ಊರಿನದಾಗಬೇಕು. ಮನೆಯವರ ಹೆಸರೆಲ್ಲ ಇರುವ ಆ ಕಂದು ಪುಸ್ತಕ ಹುನಾನ್‌ನ ಹಳ್ಳಿಯದಾಗಿದ್ದರೆ ಮಗುವೂ ಹಳ್ಳಿಯದೇ, ಓದಲು ಅಲ್ಲಿಗೇ ಹೋಗಬೇಕು. ಅಲ್ಲಿಯ ಪಾಠ ಬೇರೆ, ಪರೀಕ್ಷೆ ಬೇರೆ, ಮಾತಿನ ರಾಗವೂ ಬೇರೆ. ವಾನ್‌ಚಿಂಗ್ ತರಗತಿಗೆ ಮೊದಲಿಗಳು. ಅವಳ ಮಾಸ್ತರರೇ ಷೌಗೆನ್‌ನನ್ನು ಕರೆಸಿ, ಹೇಗಾದರೂ ಮಾಡಿ ಇಲ್ಲಿಯ ಹುಕೋ ಮಾಡಿಸಿ, ಇಂಥ ಹುಡುಗಿಯನ್ನು ಈಗ ಕಿತ್ತು ಬೇರೆ ಕಡೆ ನೆಟ್ಟರೆ ಒಣಗಿಹೋಗುತ್ತಾಳೆ ಎಂದಿದ್ದರು.

ಹಳ್ಳಿಯವರು ಹುಕೋ ಬಿಡಲು ಹಿಂದೆಮುಂದೆ ನೋಡುವುದು ಜಮೀನಿನಿಂದ. ಅಲ್ಲಿ ಹೆಸರು ಹೋಯಿತೆಂದರೆ ಹೊಲವೂ ಹೋಯಿತು, ಕೊನೆಗೆ ಮಣ್ಣಾಗುವ ಜಾಗವೂ ಹೋಯಿತು. ಓಣಿಯವರೆಲ್ಲ ಸಂಜೆ ಮೆಣಸಿನಕಾಯಿ ಹುರಿಯುತ್ತ ಇದೇ ಮಾತಾಡುತ್ತಿದ್ದರು. ಈ ಊರು ನಮ್ಮನ್ನು ಹಿಂಡಿ ಹಿಪ್ಪೆ ಮಾಡಿ ಬಿಸಾಡಿದ ದಿನ ಎಲ್ಲಿಗೆ ಹೋಗುವುದು ಎನ್ನುವವರೇ ಹೆಚ್ಚು. ತಾವ್‌ಝಿ ಹಾಗೆನ್ನಲಿಲ್ಲ. ಜಮೀನೂ ಬೇಡ, ಮಣ್ಣೂ ಬೇಡ, ಮಗಳು ಇಲ್ಲೇ ಓದಬೇಕು, ಅಷ್ಟೇ. ಇಷ್ಟು ಮನಸ್ಸಿಟ್ಟು ಈ ಊರಿನವಳಾಗಲು ಹೊರಟವಳು ಓಣಿಯಲ್ಲಿ ಇನ್ನೊಬ್ಬಳಿರಲಿಲ್ಲ.

ಹುಕೋ ಕೇಳುವವರಿಗೆ ನಗರಾಡಳಿತದವರು ಅಂಕ ಕೊಡುತ್ತಿದ್ದರು. ಇಷ್ಟು ವರ್ಷ ವಿಮೆ ಕಟ್ಟಿದ್ದರೆ ಇಷ್ಟು ಅಂಕ, ಅಂಕ ತುಂಬಿದರೆ ಹುಕೋ. ತಾವ್‌ಝಿ ರಜೆ ಹಾಕಿ, ತಲೆ ಬಾಚಿ, ನಗರ ಕಚೇರಿಯ ಕೌಂಟರಿಗೆ ಹೋಗಿ ತನ್ನ ಚೀಟಿ ಕೊಟ್ಟಳು. ಅಲ್ಲಿದ್ದ ಹುಡುಗಿ ಬಹಳ ಮರ್ಯಾದೆಯಿಂದ, ನಿಮ್ಮ ಹೆಸರಲ್ಲಿ ಏನೂ ಇಲ್ಲವಲ್ಲ ಅಕ್ಕಾ, ಈ ಊರಲ್ಲಿ ಕೆಲಸ ಮಾಡುವ ಯೋಚನೆ ಇದೆಯೇ ಎಂದು ಕೇಳಿದಳು. ತಾವ್‌ಝಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾರ್ಖಾನೆಯ ಆಡಳಿತದವನ ಬಳಿ ಹೋಗಿ, ಅಕ್ಕನ ಹೆಸರಲ್ಲಿ ದುಡಿದವಳು ನಾನೇ ಎಂದು ಬರೆದುಕೊಡಿ ಎಂದು ಕೈಮುಗಿದಳು. ಅವನು ಬಾಗಿಲು ಹಾಕಿ ಹೇಳಿದ್ದು ಇಷ್ಟು: ಹದಿನೈದರ ಹುಡುಗಿಯನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೆವೆಂದು ನಾವಾಗಿ ಬರೆದುಕೊಡುತ್ತೇವೆಯೇ, ನೀನು ಬಂದದ್ದೂ ನನಗೆ ಗೊತ್ತಿಲ್ಲ, ಹೇಳಿದ್ದೂ ಕೇಳಿಸಿಲ್ಲ. ಷೌಗೆನ್ ಕಟ್ಟಡ ಕೆಲಸದವನು, ಇವತ್ತು ಈ ಮೇಸ್ತ್ರಿ ನಾಳೆ ಆ ಮೇಸ್ತ್ರಿ, ಅವನಿಗೆ ವಿಮೆ ಕಟ್ಟಿದವರು ಯಾರು.

ಆ ಸಂಜೆ ಷೌಗೆನ್ ತಮಾಷೆಗೆಂದೇ ಹೇಳಿದ. ಈ ನಗರಕ್ಕೆ ನಿಜವಾಗಿ ಹಕ್ಕಿರುವವಳು ನಿನ್ನ ಅಕ್ಕ, ಅವಳು ಬಂದು ನಿಂತರೆ ಬಾಜಾಬಜಂತ್ರಿ ಮಾಡಿ ಒಳಗೆ ಕರೆದುಕೊಳ್ಳುತ್ತಾರೆ ಎಂದ. ತಾವ್‌ಝಿ ಚಾಪ್‌ಸ್ಟಿಕ್ ಕೆಳಗಿಟ್ಟಳು. ಅಕ್ಕ ವಿಧವೆ, ಮಕ್ಕಳಿಲ್ಲ. ತಂಗಿಯ ಮಗಳನ್ನು ದತ್ತು ತೆಗೆದುಕೊಳ್ಳಲು ಕಾನೂನು ಅಡ್ಡ ಬರುವುದಿಲ್ಲ. ಅಕ್ಕ ಈ ಊರಿನವಳಾದರೆ ಅಕ್ಕನ ಮಗಳೂ ಈ ಊರಿನವಳು. ಅವಳು ಇದನ್ನೆಲ್ಲ ಬಾಯಿಬಿಟ್ಟು ಹೇಳಿದಾಗ ಷೌಗೆನ್‌ನ ನಗು ಇಂಗಿಹೋಯಿತು.

ಮಾರನೆಯ ವಾರ ತಾವ್‌ಝಿ ಹಳ್ಳಿಗೆ ಹೋದಳು. ಅಲ್ಲಿ ಯಾರೂ ಅಕ್ಕನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಗಂಡನ ಮನೆತನದ ಮೇಲೆ ಚಿಕ್ಕವರಿಗೂ ದೊಡ್ಡವರಿಗೂ ಅವಳು ‘ಷಿ ಮನೆ ಅತ್ತಿಗೆ’. ಗಂಡ ಕಲ್ಲಿದ್ದಲು ಗಣಿಯಲ್ಲಿ ಸತ್ತ ಮೇಲೆ ಅವಳು ಗುಡ್ಡದ ಇಳಿಜಾರನ್ನು ತಾನೇ ಅಗೆದು ಕಿತ್ತಳೆ ಹಾಕಿದ್ದಳು. ಈಗ ಆ ಸುತ್ತಿನಲ್ಲಿ ಅಷ್ಟು ಸಿಹಿ ಹಣ್ಣು ಬೇರೆಲ್ಲೂ ಇಲ್ಲವೆಂದು ವ್ಯಾಪಾರಿಗಳೇ ಮನೆ ಬಾಗಿಲಿಗೆ ಬರುತ್ತಿದ್ದರು. ಅವಳ ಹುಕೋ ಪುಸ್ತಕದಲ್ಲಿ ಇದ್ದದ್ದು ಅವಳೊಬ್ಬಳ ಹೆಸರು. ಆ ಹೆಸರು ಹೊರಟರೆ ಆ ಮನೆತನವೇ ಮುಗಿದಂತೆ, ಗುಡ್ಡ ಹಳ್ಳಿಯವರಿಗೆ ವಾಪಸ್.

ಒಲೆಯ ಗುಂಡಿಯ ಸುತ್ತ ಕೂತಿದ್ದರು. ಮೇಲೆ ಹೊಗೆ ಹಿಡಿದ ಮಾಂಸ ತೂಗುತ್ತಿತ್ತು. ತಾವ್‌ಝಿ ಮಾತು ಹೇಗೆ ಎತ್ತಬೇಕೆಂದು ತಿಳಿಯದೆ ಮಗಳ ಅಂಕಗಳನ್ನು ಹೊಗಳುತ್ತ, ಮಾಸ್ತರರ ಮಾತನ್ನು ಎರಡೆರಡು ಸಲ ಹೇಳುತ್ತ ಸುತ್ತಿ ಬಳಸಿ ಕೊನೆಗೆ ವಿಷಯಕ್ಕೆ ಬಂದಳು. ಯಿನ್‌ಹುವಾ ಕೆಂಡ ಕೆದಕುತ್ತ ಎಲ್ಲ ಕೇಳಿಸಿಕೊಂಡಳು.

"ಒಂದ್ಸಲ ನಾನೂ ಹೊರಟಿದ್ದೆ ಕಣೆ," ಎಂದಳು ಕೊನೆಗೆ. "ನಿಮ್ಮ ಭಾವ ತೀರ್ಕೊಂಡ ವರ್ಷ. ಚೀಟಿ ಕಳೆದೋಯ್ತು ಅಂತ ಹೇಳಿ ಹೊಸದು ಮಾಡಿಸ್ಕೊಂಡೆ. ಪೇಟೇಲಿ ಕಾರ್ಖಾನೆಗೆ ಆಳು ತಗೋತಿದ್ರು. ಅಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ, ತಿಯಾನ್ ಯಿನ್‌ಹುವಾ ಆಗ್ಲೇ ಗ್ವಾಂಗ್‌ಡಾಂಗ್‌ನಲ್ಲಿ ಕೆಲ್ಸ ಮಾಡ್ತಿದಾಳೆ, ನೀನ್ಯಾರು ಅಂದ."

"ನೀನೇನಂದೆ?"

"ಏನನ್ಲಿ. ಅವಳ ಅಕ್ಕ ಅಂದೆ. ವಾಪಸ್ ಬಂದು ಕಿತ್ತಳೆ ಹಾಕಿದೆ."

ತಾವ್‌ಝಿಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷದ ಫೋನು, ಹಬ್ಬದ ಭೇಟಿ, ಯಾವುದರಲ್ಲೂ ಅಕ್ಕ ಈ ಮಾತೆತ್ತಿರಲಿಲ್ಲ. ಅವಳಿಗೆ ಅಲ್ಲಿಂದ ಎದ್ದು ಹೋಗಿಬಿಡಬೇಕೆನ್ನಿಸಿತು. ಆದರೆ ಮಗಳ ಮುಖ ಕಣ್ಣ ಮುಂದೆ ಬಂತು, ಹಲ್ಲು ಕಚ್ಚಿಕೊಂಡು ಕೂತಳು. ತಾಯಿಯಾದವಳಿಗೆ ನಾಚಿಕೆ ಕಡಿಮೆ.

ಯಿನ್‌ಹುವಾ ಆಗಲೇ ಒಪ್ಪಲಿಲ್ಲ. ಹಳ್ಳಿಯಲ್ಲಿ ಹೆಸರು ಬಿಟ್ಟವರು ಮತ್ತೆ ಸೇರಿಕೊಳ್ಳುವುದೆಂದರೆ ಆಕಾಶಕ್ಕೆ ಏಣಿ ಹಾಕಿದಂತೆ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೂರು ದಿನ ಕಿತ್ತಳೆ ಗಿಡಗಳ ನಡುವೆ ಓಡಾಡಿದಳು, ತಂಗಿಯ ಮೇಲೆ ಸುಮ್ಮಸುಮ್ಮನೆ ರೇಗಿದಳು, ನಗರದವರು ತಿನ್ನುವ ಸಪ್ಪೆ ಊಟ ತಿಂದು ಸಾಯಲು ಅಲ್ಲಿಗೆ ಬರಬೇಕೇ ಎಂದಳು. ನಾಲ್ಕನೆಯ ದಿನ ಹಂದಿಗಳನ್ನು ಮಾರಿದಳು. ಹುಡುಗಿಯನ್ನು ತನ್ನ ಮಗಳೆಂದು ಬರೆಸಿಕೊಳ್ಳುವುದಾದರೆ ಬರಿಯ ಬರಹಕ್ಕೆ ಆಗುವುದಿಲ್ಲ, ತಾನೂ ಆ ಊರಿನಲ್ಲಿ ಅವಳ ಜೊತೆಯಲ್ಲೇ ಇರುತ್ತೇನೆ ಎಂದು ಹೇಳಿದಳು. ಇಪ್ಪತ್ತು ವರ್ಷ ಹೆಸರು ದುಡಿದ ಊರನ್ನು ಒಮ್ಮೆ ಕಣ್ಣಲ್ಲಿ ನೋಡುವ ಆಸೆ ಅವಳಿಗೂ ಇತ್ತೆಂದು ಕಾಣುತ್ತದೆ, ಅದನ್ನು ಮಾತ್ರ ಹೇಳಲಿಲ್ಲ.

ದತ್ತಿನ ಕೆಲಸ ಹಳ್ಳಿಯ ಕಡೆಯೇ ಆಯಿತು. ಅಧಿಕಾರಿ ವಾನ್‌ಚಿಂಗ್‌ಳನ್ನು ಒಪ್ಪಿಗೆಯೇ ಎಂದು ಕೇಳಿದರು. ಒಪ್ಪಿಗೆ ಎಂದು ಅವಳು ತಕ್ಷಣ ಹೇಳಿದಳು, ಸ್ವಲ್ಪವಾದರೂ ತಡೆದು ಹೇಳಬಾರದಿತ್ತೇ ಎಂದು ತಾವ್‌ಝಿಗೆ ಅನ್ನಿಸುವಷ್ಟು ಬೇಗ. ಹುಡುಗಿಯ ಹೆಸರು ದೊಡ್ಡಮ್ಮನ ಪುಸ್ತಕಕ್ಕೆ ಹೋಯಿತು. ಅಂದಿನಿಂದ ಷೌಗೆನ್ ಮನೆಯಲ್ಲೊಂದು ನಿಯಮ ಮಾಡಿದ. ಬಾಯಿ ತಪ್ಪಬಾರದೆಂದು ವಾನ್‌ಚಿಂಗ್ ಈಗಿನಿಂದಲೇ ಯಿನ್‌ಹುವಾಳನ್ನು ಅಮ್ಮ ಎನ್ನಬೇಕು, ತಾವ್‌ಝಿಯನ್ನು ಚಿಕ್ಕಮ್ಮ. ಹುಡುಗಿ ಪಾಠ ಕಲಿಯುವುದರಲ್ಲಿ ಚುರುಕು, ಎರಡು ದಿನದಲ್ಲಿ ಕಲಿತಳು.

ಯಿನ್‌ಹುವಾಳಿಗೂ ಪಾಠ ನಡೆಯಿತು. ಅವಳು ಗುಡ್ಡವನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಅರ್ಜಿಗೆ ನಗರದ ಒಪ್ಪಿಗೆ ಬರುವವರೆಗೆ ಬಾಡಿಗೆ ಕೋಣೆಯಲ್ಲಿ ಕೂತು ಬೂಟಿನ ಚರ್ಮದ ತುಂಡುಗಳನ್ನು ಹೊಲಿಯಲು ಕಲಿತಳು. ಸಾಲಿನ ಮುಖ್ಯಸ್ಥ ಯಾರು, ಊಟದ ಕೋಣೆ ಯಾವ ಮಹಡಿಯಲ್ಲಿ, ಅಂಟಿನ ವಾಸನೆಗೆ ತಲೆ ಸುತ್ತಿದರೆ ಯಾವ ಕಿಟಕಿಯ ಹತ್ತಿರ ನಿಲ್ಲಬೇಕು, ಎಲ್ಲ ಕೇಳಿಕೊಂಡಳು. ನನ್ನ ಜೀವನಚರಿತ್ರೆಯನ್ನು ನಾನೇ ಬಾಯಿಪಾಠ ಮಾಡುವಂತಾಯಿತಲ್ಲ ಎಂದು ನಗುತ್ತಿದ್ದಳು. ಆ ದಿನಗಳಲ್ಲಿ ಅಕ್ಕತಂಗಿಯರು ಬಹಳ ನಕ್ಕರು. ನಗರದ ಒಪ್ಪಿಗೆ ಬಂತು. ಅವಳು ಹಳ್ಳಿಗೆ ಹೋಗಿ ಪುಸ್ತಕದಿಂದ ಇಬ್ಬರ ಹೆಸರನ್ನೂ ಹೊಡೆಸಿಕೊಂಡು, ವರ್ಗಾವಣೆ ಪತ್ರ ಹಿಡಿದು ಬಂದಳು. ಹಳ್ಳಿಯವರು ಗುಡ್ಡವನ್ನು ಅದೇ ತಿಂಗಳು ಬೇರೆಯವರಿಗೆ ಕೊಟ್ಟರು. ಇನ್ನು ಉಳಿದದ್ದು ನಗರದ ಪೊಲೀಸ್ ಠಾಣೆಯಲ್ಲಿ ಹೆಸರು ಏರಿಸುವುದೊಂದೇ.

ಆ ದಿನ ತಾವ್‌ಝಿ ಬರುವುದು ಬೇಡವೆಂದು ವಾನ್‌ಚಿಂಗ್ ಹೇಳಿದಳು. ಷೌಗೆನ್ ಕೂಡ ಹೇಳಿದ. ಮಗಳು ಈ ಊರಿನವಳಾಗುವ ಗಳಿಗೆಯನ್ನು ನೋಡದೆ ಮನೆಯಲ್ಲಿ ಕೂರುವುದು ಅವಳಿಂದ ಆಗಲಿಲ್ಲ. ಅಕ್ಕನಿಗೆ ದಾರಿ ಗೊತ್ತಿಲ್ಲ ಎಂದು ನೆವ ತೆಗೆದು ಹೊರಟಳು. ಠಾಣೆಯಲ್ಲಿ ಅವರಿಬ್ಬರು ಮುಂದಿನ ಸಾಲಿನಲ್ಲಿ ಕೂತರು. ತಾವ್‌ಝಿ ಹಿಂದಿನ ಸಾಲಿನಲ್ಲಿ, ಗುರುತಿಲ್ಲದವಳಂತೆ. ವಾನ್‌ಚಿಂಗ್ ಒಮ್ಮೆ ತಿರುಗಿ ನೋಡಿ ಕುರ್ಚಿ ಬದಲಿಸಿ ಕೂತಳು.

ಕಿಟಕಿಯಲ್ಲಿ ಕಾಗದಗಳನ್ನು ಕೊಟ್ಟಾಯಿತು. ಸ್ವಲ್ಪ ಹೊತ್ತು ಕೂತಿರಿ, ಪುಸ್ತಕ ಅಚ್ಚಾಗಬೇಕು ಎಂದರು. ಯಿನ್‌ಹುವಾ ಗೋಡೆಯ ಮೇಲಿನ ನಗರದ ನಕ್ಷೆಯನ್ನು ಮಗುವಿನ ಹಾಗೆ ನೋಡುತ್ತ ಕೂತಿದ್ದಳು. ಆಗ ಪಕ್ಕದ ಬಾಗಿಲು ತೆರೆದು ಒಬ್ಬ ಗುಮಾಸ್ತ ಹೊರಗೆ ಬಂದ. ಕೈಯಲ್ಲಿ ಹೊಸ ಕಂದು ಪುಸ್ತಕ. ಸಭಾಂಗಣದ ಗಲಾಟೆಯ ಮೇಲೆ ಕೇಳಿಸಲೆಂದು ಅವನು ಗಂಟಲೆತ್ತಿ, ಕಾರ್ಖಾನೆಯ ಮೇಲ್ವಿಚಾರಕನ ಧಾಟಿಯಲ್ಲೇ, "ತಿಯಾನ್ ಯಿನ್‌ಹುವಾ" ಎಂದು ಕರೆದ.

"ಹಾಜರ್," ಎಂದು ಹಿಂದಿನ ಸಾಲಿನಲ್ಲಿ ತಾವ್‌ಝಿ ಎದ್ದು ನಿಂತಳು.

ಅವಳ ಕಾಲು ಎದ್ದಿತ್ತು, ಬಾಯಿ ಓಗೊಟ್ಟಿತ್ತು, ಅವಳು ಮಾತ್ರ ಇನ್ನೂ ಕೂತೇ ಇದ್ದಳು. ಮುಂದಿನ ಸಾಲಿನಲ್ಲಿ ಯಿನ್‌ಹುವಾ ನಕ್ಷೆ ನೋಡುತ್ತಲೇ ಇದ್ದಳು. ಹಳ್ಳಿಯಲ್ಲಿ ಯಾರೂ ಕರೆಯದ ಆ ಹೆಸರು ಅವಳ ಕಿವಿಗೆ ಮುಟ್ಟಿರಲಿಲ್ಲ. ವಾನ್‌ಚಿಂಗ್ ಭುಜ ತಟ್ಟಿದ ಮೇಲೆ ಗಡಿಬಿಡಿಯಿಂದ ಎದ್ದಳು.

ಗುಮಾಸ್ತ ಹುಡುಗ ನಗುತ್ತ, ಇಬ್ಬರಲ್ಲಿ ಯಾರು ಎಂದ. ಅವನೊಬ್ಬನೇ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಅವನ ಹಿಂದೆ ವಯಸ್ಸಾದ ಪೊಲೀಸಿನವನೊಬ್ಬ ನಿಂತಿದ್ದ. ಆತ ನಗಲಿಲ್ಲ. ಮೂವರನ್ನೂ ಒಳಗೆ ಕರೆದು ತಾವ್‌ಝಿಯ ಚೀಟಿ ಕೇಳಿದ. ಬೇರೆ ಹೆಸರಿನವಳು ಯಾಕೆ ಎದ್ದು ನಿಂತಳೆಂದು ಕೇಳಿದ. ಅಕ್ಕನ ಪರವಾಗಿ ಓಗೊಟ್ಟೆ ಎಂದಳು ತಾವ್‌ಝಿ. ಆತ ವಾನ್‌ಚಿಂಗ್‌ಳ ಕಡೆ ತಿರುಗಿ, ಈಕೆ ನಿನಗೆ ಏನಾಗಬೇಕು ಮಗೂ ಎಂದ.

"ಚಿಕ್ಕಮ್ಮ," ಎಂದಳು ವಾನ್‌ಚಿಂಗ್. ದನಿ ಸ್ವಲ್ಪವೂ ನಡುಗಲಿಲ್ಲ.

ಯಿನ್‌ಹುವಾ ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟಳು, ಸಾಲು, ಮಹಡಿ, ಕಿಟಕಿ, ಎಲ್ಲ. ಪೊಲೀಸಿನವನು ತಲೆಯಾಡಿಸುತ್ತ ಕೇಳಿಸಿಕೊಂಡು, ಫೋನೆತ್ತಿ ಕಾರ್ಖಾನೆಗೆ ಮಾತಾಡಿ, ತಿಯಾನ್ ಯಿನ್‌ಹುವಾಳ ಗೇಟ್ ಪಾಸಿನ ಫೋಟೋ ಕಳಿಸಿ ಎಂದ. ಫೋಟೋ ಬಂತು. ಅಕ್ಕತಂಗಿಯರ ಮುಖ ಎಳೆಯ ವಯಸ್ಸಿನಲ್ಲಿ ಒಂದೇ ಎನ್ನುವಂತಿತ್ತು. ಈಗ ಒಬ್ಬಳದು ಬಿಸಿಲಲ್ಲಿ ಸುಟ್ಟದ್ದು, ಒಬ್ಬಳದು ಟ್ಯೂಬ್‌ಲೈಟಿನಲ್ಲಿ ಬಿಳಿಚಿದ್ದು. ಗುರುತು ಹಿಡಿಯಲು ಪೊಲೀಸೇ ಬೇಕಾಗಿರಲಿಲ್ಲ.

ಆತ ಕೆಟ್ಟವನಲ್ಲ. ಜೈಲಿನ ಮಾತಾಡಲಿಲ್ಲ, ಹೆದರಿಸಲಿಲ್ಲ, ಕುಡಿಯಲು ಬಿಸಿನೀರು ಕೊಡಿಸಿದ. ಆದರೆ ಇಷ್ಟು ವರ್ಷದ ವಿಮೆ ದುಡಿಯದವಳ ಹೆಸರಲ್ಲಿದೆ, ದುಡಿದವಳ ಹೆಸರಲ್ಲಿಲ್ಲ, ಹಾಗಾಗಿ ಅದು ಯಾರದೂ ಅಲ್ಲ ಎಂದು ಬರೆದ. ಹೊಸ ಪುಸ್ತಕವನ್ನು ಮೇಜಿನ ಡ್ರಾಯರಿಗೆ ಹಾಕಿಕೊಂಡ. ಮಾರನೆಯ ದಿನ ಕಾರ್ಖಾನೆಯವರು ತಾವ್‌ಝಿಯನ್ನು ಗೇಟಿನಿಂದಲೇ ವಾಪಸ್ ಕಳಿಸಿದರು.

ಯಿನ್‌ಹುವಾ ಹಳ್ಳಿಯ ಮುಖಂಡನಿಗೆ ಫೋನು ಮಾಡಿದಳು. ಆತ ಅತ್ತಿಗೆ ಅತ್ತಿಗೆ ಎಂದು ಅಕ್ಕರೆಯಿಂದಲೇ ಮಾತಾಡಿದ. ಕೆಲವು ತಿಂಗಳು ಓಡಾಡಿದರೆ ಇಬ್ಬರ ಹೆಸರನ್ನೂ ಪೇಟೆಯ ಪಟ್ಟಿಯಲ್ಲಿ ಎಲ್ಲಾದರೂ ಸೇರಿಸಬಹುದು ಎಂದ. ಗುಡ್ಡದ ಮಾತು ಎತ್ತಿದಾಗ, ಸಭೆ ಮಾಡಿ ಕೊಟ್ಟದ್ದನ್ನು ಹೇಗೆ ಕಿತ್ತುಕೊಳ್ಳಲಿ, ಹೊಸಬರು ಆಗಲೇ ಕಿತ್ತಳೆಗೆ ಗೊಬ್ಬರ ಹಾಕಿದ್ದಾರೆ ಎಂದ. ಅಷ್ಟರಲ್ಲಿ ಇಲ್ಲಿಯ ಹೈಸ್ಕೂಲಿಗೆ ಹೆಸರು ಕೊಡುವ ಗಡುವೂ ಮುಗಿದಿತ್ತು. ಅಲ್ಲಿಯ ಶಾಲೆ ಹುಕೋ ತೋರಿಸಿ ಎನ್ನುತ್ತಿತ್ತು, ತೋರಿಸಲು ಅಲ್ಲಿಯದೂ ಇರಲಿಲ್ಲ.

ಷೌಗೆನ್ ಹೊರಗೆ ಮೆಟ್ಟಿಲ ಮೇಲೆ ಕೂತು ಸಿಗರೇಟು ಸೇದುತ್ತಿದ್ದ. ಕೋಣೆಯಲ್ಲಿ ಮೂವರು ಹೆಂಗಸರು, ನಡುವೆ ಯಾರೂ ಮುಟ್ಟದ ಅನ್ನ. ವಾನ್‌ಚಿಂಗ್ ಠಾಣೆಯಿಂದ ಬಂದ ಮೇಲೆ ತಾಯಿಯೊಡನೆ ಒಂದು ಮಾತೂ ಆಡಿರಲಿಲ್ಲ. ಆಗ ಆಡಿದಳು.

"ಸುಮ್ನೆ ಕೂತಿರೋಕೆ ಆಗ್ಲಿಲ್ವಾ ನಿನಗೆ? ಅಷ್ಟೇ ಅಲ್ವಾ ಮಾಡಬೇಕಾಗಿದ್ದು, ಸುಮ್ನೆ ಕೂರೋದು?"

ತಾವ್‌ಝಿ ಅಕ್ಕನ ಕಡೆ ತಿರುಗಿದಳು. ಅಕ್ಕನಾದರೂ ಈಗ ಬೈಯಲಿ, ನನ್ನ ಗುಡ್ಡ ತಿಂದೆ, ನನ್ನ ಮನೆ ತಿಂದೆ ಎಂದು ಕೂದಲು ಹಿಡಿದು ನಾಲ್ಕು ಬಾರಿಸಲಿ ಎಂದು ಕಾದಳು.

"ಅವಳನ್ಯಾಕೆ ಕೇಳ್ತೀಯ ಮಗು," ಎಂದಳು ಯಿನ್‌ಹುವಾ. ಅನ್ನದ ಬಟ್ಟಲನ್ನು ಹುಡುಗಿಯ ಕಡೆ ಸರಿಸಿದಳು. "ಅವಳ ಹೆಸರು ಕರೆದ್ರು, ಅವಳು ಎದ್ದಳು. ನಂಗೆ ಕೇಳ್ಸೇ ಇಲ್ವಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಾವ್‌ಝಿ ಎದ್ದು ಗೋಡೆಗೆ ಮುಖ ಮಾಡಿ ನಿಂತು ಅತ್ತಳು. ಅವಳನ್ನು ಸಮಾಧಾನ ಮಾಡಲು ಯಾರೂ ಹೆಸರು ಹಿಡಿದು ಕರೆಯಲಿಲ್ಲ.